ನೀರೇನೋ ತಿಳಿಯಾಗಿಯೇ ಇತ್ತು



ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಆಗ ನಾನಿನ್ನೂ ಸ್ಟುಡಿಯೋದ ಕುರ್ಚಿಗೆ ಬಂದಿರಲಿಲ್ಲ. ಕೈಯಲ್ಲೊಂದು ಮೈಕು, ಪಕ್ಕದಲ್ಲೊಬ್ಬ ಕ್ಯಾಮೆರಾಮನ್, ಬಯಲುಸೀಮೆಯ ಧೂಳು, ಅಷ್ಟೇ ನನ್ನ ಪ್ರಪಂಚ. ಸುಡು ಬೇಸಿಗೆ. ಒಂದು ಊರಿನಲ್ಲಿ ಎರಡು ಕಡೆ ಬೋರ್‌ವೆಲ್ ಕೊರೆಸಿ, ಎರಡೂ ಫೇಲ್ ಆಗಿ, ಮೂರನೇ ಕಡೆ ನೀರು ಬಿದ್ದಿತ್ತು. ನಾವು ಹೋಗುವಷ್ಟರಲ್ಲಿ ಊರಿಗೆ ಊರೇ ಅಲ್ಲಿ ಸೇರಿತ್ತು. ಪೈಪಿನ ಬಾಯಿಂದ ನೀರು ಆಳೆತ್ತರಕ್ಕೆ ಚಿಮ್ಮುತ್ತಿದೆ, ಮಕ್ಕಳು ಅದರಡಿ ಕುಣೀತಿದಾರೆ, ಹೆಂಗಸರು ಅರಿಶಿನ ಕುಂಕುಮ ಇಟ್ಟು ಆರತಿ ಎತ್ತುತ್ತಿದ್ದಾರೆ. ನಾನು ಬೊಗಸೆ ತುಂಬ ನೀರು ಹಿಡಿದು ಕ್ಯಾಮೆರಾ ಮುಂದೆ ಕುಡಿದೆ. ಕುಡಿದು ಹೇಳಿದೆ: "ಎಳನೀರಿನ ಹಾಗಿದೆ ಸ್ವಾಮಿ!"

ಅವತ್ತು ಸಂಜೆ ಆ ಸುದ್ದಿ ಮೂರು ಸಲ ಓಡಿತು. ಆಫೀಸಿನಲ್ಲಿ ಬೆನ್ನು ತಟ್ಟಿದರು.

ಹತ್ತು ಹನ್ನೆರಡು ವರ್ಷ ಆದಮೇಲೆ ಒಂದು ಫೋನ್ ಬಂತು. ಅದೇ ಊರಿನ ಶಾಲೆಯ ಮೇಷ್ಟ್ರು. "ಸಾರ್, ನೀವು ಎಳನೀರು ಅಂದಿದ್ರಲ್ಲ, ಆ ನೀರು ಕುಡಿದ ಮಕ್ಕಳು ಈಗ ಗ್ರೂಪ್ ಫೋಟೋಗೆ ಬಾಯಿ ಬಿಡಲ್ಲ. ನಗು ಅಂದ್ರೆ ತುಟಿ ಕಚ್ಕೊಂಡು ನಿಲ್ತಾರೆ. ಹಲ್ಲೆಲ್ಲ ಕಂದು ಬಣ್ಣ." ಫ್ಲೋರೈಡು. ನೀರಿನಲ್ಲಿ ಫ್ಲೋರೈಡು. ಅವತ್ತು ಆ ಬೋರ್‌ವೆಲ್ ಪಕ್ಕ ಶಾಸಕರ ಕಡೆಯವರಿದ್ದರು, ಅಧಿಕಾರಿಗಳಿದ್ದರು, ಗುತ್ತಿಗೆದಾರ ಇದ್ದ, ನಾನಿದ್ದೆ. ಎಷ್ಟು ಅಡಿಗೆ ನೀರು ಬಿತ್ತು ಅಂತ ಕೇಳಿದೆ. ಎಷ್ಟು ಇಂಚು ನೀರು ಅಂತ ಕೇಳಿದೆ. ಎಷ್ಟು ಖರ್ಚಾಯ್ತು ಅಂತಲೂ ಕೇಳಿದೆ. ಈ ನೀರಿನಲ್ಲಿ ಏನಿದೆ ಅಂತ ಮಾತ್ರ ಕೇಳಲಿಲ್ಲ.

ಆ ಒಂದು ಪ್ರಶ್ನೆ ಕೇಳದೆ ಹೋದರೆ ಏನಾಗುತ್ತೆ? ನಮ್ಮ ಊರಿನ ಮಟ್ಟದಲ್ಲಿ ಮಕ್ಕಳ ಹಲ್ಲು ಹೋಗುತ್ತೆ, ಮೂಳೆ ಬಾಗುತ್ತೆ. ಒಂದು ಇಡೀ ದೇಶವೇ ಆ ಪ್ರಶ್ನೆ ಕೇಳೋದನ್ನ ಮರೆತರೆ? ಅದೂ ಆಗಿದೆ ವೀಕ್ಷಕರೇ. ನಮ್ಮ ಪಕ್ಕದಲ್ಲೇ ಆಗಿದೆ. ಬಾಂಗ್ಲಾದೇಶದಲ್ಲಿ. ಅದರ ಕಥೆಯನ್ನ ಇವತ್ತು ನಿಮಗೆ ಹೇಳಬೇಕು. ಯಾಕಂದ್ರೆ ಆ ಕಥೆಯಲ್ಲಿ ಖಳನಾಯಕರಿಲ್ಲ. ಎಲ್ಲರೂ ಒಳ್ಳೆಯದು ಮಾಡಲು ಹೊರಟವರೇ.

ಅರ್ಧ ಶತಮಾನ ಹಿಂದಕ್ಕೆ ಹೋಗೋಣ. 1970ರ ನವೆಂಬರ್. ಆಗಿನ್ನೂ ಅದು ಪೂರ್ವ ಪಾಕಿಸ್ತಾನ. ಭೋಲಾ ಚಂಡಮಾರುತ ಅಪ್ಪಳಿಸಿತು, ಲಕ್ಷಾಂತರ ಜನ ಸತ್ತರು. ಮರುವರ್ಷ ಯುದ್ಧ. 1971ರ ಡಿಸೆಂಬರಿನಲ್ಲಿ ಸ್ವತಂತ್ರ ಬಾಂಗ್ಲಾದೇಶ ಕಣ್ಣು ಬಿಟ್ಟಾಗ ಅದರ ಕೈಯಲ್ಲಿ ಏನೂ ಇರಲಿಲ್ಲ. ನೀರು ಮಾತ್ರ ಬೇಕಾದಷ್ಟಿತ್ತು. ಗಂಗೆ, ಬ್ರಹ್ಮಪುತ್ರ, ಮೇಘನಾ, ಮೂರು ಮಹಾನದಿಗಳ ಮುಖಜ ಭೂಮಿ ಅದು. ಎಲ್ಲಿ ನೋಡಿದರೂ ಹೊಳೆ, ಹೊಂಡ, ಕೊಳ. ಆದರೆ ಅದೇ ಕೊಳದಲ್ಲಿ ಸ್ನಾನ, ಅದೇ ಕೊಳದಲ್ಲಿ ದನ, ಅದೇ ಕೊಳದ ನೀರು ಕುಡಿಯೋದು. ಕಾಲರಾ, ಭೇದಿ ಮನೆ ಮನೆಗೆ ನುಗ್ಗುತ್ತಿದ್ದವು. 1960ರ ಲೆಕ್ಕ ನೋಡಿ. ಹುಟ್ಟಿದ 1000 ಮಕ್ಕಳಲ್ಲಿ 247 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ನಾಲ್ಕರಲ್ಲಿ ಒಂದು ಮಗು!

ಇದಕ್ಕೆ ಪರಿಹಾರ ಏನು? ಮೇಲಿನ ನೀರು ಕೊಳಕು, ನೆಲದೊಳಗಿನ ನೀರು ಶುದ್ಧ. ಇಷ್ಟು ಸರಳ. ಯುನಿಸೆಫ್ ಮುಂದೆ ಬಂತು, ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಇಲಾಖೆ ಕೈ ಜೋಡಿಸಿತು. ಹಳ್ಳಿ ಹಳ್ಳಿಯಲ್ಲಿ ಕೊಳವೆ ಬಾವಿ ಕೊರೆಯೋ ಅಭಿಯಾನ ಶುರುವಾಯ್ತು.

ಅಲ್ಲಿ ಕೊಳವೆ ಬಾವಿ ಕೊರೆಯೋದು ನಮ್ಮ ಕೋಲಾರ, ಚಿತ್ರದುರ್ಗದ ಹಾಗಲ್ಲ. ನಮ್ಮಲ್ಲಿ ಕಲ್ಲು. ರಿಗ್ ಲಾರಿ ಬರಬೇಕು, ಸಾವಿರ ಅಡಿ ಹೋಗಬೇಕು, ಸಾಲ ಮಾಡಿದ ರೈತ ಪಕ್ಕದಲ್ಲಿ ಕೂತು ದೇವರನ್ನ ನೆನೀಬೇಕು. ಅಲ್ಲಿ ಬರೀ ಮೆಕ್ಕಲು ಮಣ್ಣು. ಬಿದಿರಿನ ಅಟ್ಟಣಿಗೆ ಕಟ್ಟಿ, ಪೈಪನ್ನು ಮೇಲೆ ಕೆಳಗೆ ಆಡಿಸುತ್ತಾ, ಮೇಲೆ ಕೂತವನು ಅಂಗೈಯನ್ನೇ ವಾಲ್ವ್ ಮಾಡಿಕೊಂಡು ಪೈಪಿನ ಬಾಯಿ ಮುಚ್ಚಿ ತೆರೆದು ಮಾಡಿದರೆ ಮಣ್ಣು ಕೆಸರಾಗಿ ಮೇಲೆ ಬರುತ್ತೆ. ಯಂತ್ರ ಬೇಡ, ಕರೆಂಟು ಬೇಡ. ಮೇಲೊಂದು ಕಬ್ಬಿಣದ ಕೈಪಂಪು ಕೂರಿಸಿದರೆ ಮುಗೀತು. ಮೊದಲು ಯುನಿಸೆಫ್, ಸರ್ಕಾರ ಹಾಕಿಸಿದವು. ಆಮೇಲೆ ಜನರೇ ದುಡ್ಡು ಹಾಕಿ ಹಾಕಿಸಿಕೊಂಡರು. ಮಗಳ ಮದುವೆಗೆ ಮುಂಚೆ ಅಂಗಳದಲ್ಲೊಂದು ಕೈಪಂಪು ಇರಬೇಕು ಅನ್ನೋ ಮಟ್ಟಕ್ಕೆ ಅದೊಂದು ಮರ್ಯಾದೆಯ ವಸ್ತು ಆಯ್ತು. ಲಕ್ಷ ಹತ್ತು ಲಕ್ಷವಾಗಿ, ಕೊನೆಗೆ ಕೋಟಿಯ ಹತ್ತಿರ ಹೋಯ್ತು ಬಾವಿಗಳ ಸಂಖ್ಯೆ.

ಫಲಿತಾಂಶವೂ ಕಾಣಿಸಿತು. 1996ರ ಹೊತ್ತಿಗೆ ಐದು ವರ್ಷದೊಳಗೆ ಸಾಯುವ ಮಕ್ಕಳ ಸಂಖ್ಯೆ ಸಾವಿರಕ್ಕೆ 247ರಿಂದ 112ಕ್ಕೆ ಇಳಿದಿತ್ತು. ಅದಕ್ಕೆ ಲಸಿಕೆ, ಓಆರ್‌ಎಸ್, ಎಲ್ಲವೂ ಕಾರಣ. ಶುದ್ಧ ನೀರೂ ಒಂದು ಕಾರಣ ಅಂತ ಎಲ್ಲರೂ ನಂಬಿದ್ದರು. 1997ರಲ್ಲಿ ಯುನಿಸೆಫ್ ಹೆಮ್ಮೆಯಿಂದಲೇ ಹೇಳಿತು: ಶೇಕಡ 80ರಷ್ಟು ಜನರಿಗೆ ಸುರಕ್ಷಿತ ಕುಡಿಯುವ ನೀರು ಕೊಡೋ ಗುರಿಯನ್ನ ದಾಟಿದ್ದೇವೆ ಅಂತ.

ಸುರಕ್ಷಿತ. ಈ ಪದ ನೆನಪಿಟ್ಟುಕೊಳ್ಳಿ. ಯಾವುದರಿಂದ ಸುರಕ್ಷಿತ? ರೋಗಾಣುವಿನಿಂದ. ಬಾವಿ ಹಾಕುವಾಗ ನೀರಿನಲ್ಲಿ ರೋಗಾಣು ಇದೆಯಾ ಅನ್ನೋದೇ ಎಲ್ಲರ ಚಿಂತೆ. ನೀರು ತಿಳಿಯಾಗಿತ್ತು, ತಣ್ಣಗಿತ್ತು, ವಾಸನೆ ಇರಲಿಲ್ಲ, ರುಚಿ ಚೆನ್ನಾಗಿತ್ತು. ಆರ್ಸೆನಿಕ್ ಇದೆಯಾ ಅಂತ ಯಾರೂ ನೋಡಲಿಲ್ಲ.

ಆರ್ಸೆನಿಕ್ ಅಂದ್ರೆ ಏನು ಗೊತ್ತಲ್ಲ? ನಮ್ಮ ಹಿರಿಯರು ಪಾಷಾಣ ಅಂತಿದ್ದರು. ಇಲಿಗೆ ಇಡುತ್ತಿದ್ದ ವಿಷ. ಹಳೇ ಕಾಲದ ರಾಜಮನೆತನಗಳ ಕೊಲೆ ಕಥೆಗಳಲ್ಲಿ ಬರುತ್ತಲ್ಲ, ಅದೇ. ಆದರೆ ಬಾಂಗ್ಲಾದಲ್ಲಿ ಅದನ್ನ ಯಾರೂ ತಂದು ಸುರಿಯಲಿಲ್ಲ. ಯಾವ ಫ್ಯಾಕ್ಟರಿಯೂ ಬಿಡಲಿಲ್ಲ. ಸಾವಿರಾರು ವರ್ಷಗಳಿಂದ ಹಿಮಾಲಯದ ಬಂಡೆ ಸವೆದು, ನದಿಗಳು ಹೊತ್ತು ತಂದ ಮಣ್ಣಿನಲ್ಲೇ ಅದಿತ್ತು. ಮಣ್ಣಿನ ಕಣಗಳ ಮೇಲಿರೋ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಸುಮ್ಮನೆ ಕೂತಿತ್ತು. ಆದರೆ ಗಾಳಿ ಆಡದ ಆಳದಲ್ಲಿ, ಕೊಳೆತ ಗಿಡಮರದ ಅಂಶ ತಿಂದು ಬದುಕೋ ಸೂಕ್ಷ್ಮಜೀವಿಗಳು ಆ ತುಕ್ಕನ್ನ ಕರಗಿಸುತ್ತವೆ. ತುಕ್ಕು ಕರಗಿದರೆ ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಬೀಳುತ್ತೆ. ಹಳೇ ಕಾಲದ ಸೇದೋ ಬಾವಿಯಲ್ಲಿ ಗಾಳಿ ಆಡುತ್ತೆ, ಅಲ್ಲಿ ಈ ಕಾಟ ಕಡಿಮೆ. ತುಂಬಾ ಆಳದ, 150 ಮೀಟರಿಗಿಂತ ಕೆಳಗಿನ ಹಳೇ ಪದರದಲ್ಲೂ ಹೆಚ್ಚಿನ ಕಡೆ ಕಡಿಮೆ. ನಡುವಿನ ಪದರದಲ್ಲೇ ಜಾಸ್ತಿ. ಕೈಪಂಪುಗಳು ಹೋಗಿ ಚುಚ್ಚಿದ್ದು ಸರಿಯಾಗಿ ಆ ಪದರಕ್ಕೇ!

ಇನ್ನೊಂದು ವಿಚಿತ್ರ. ನಿಮ್ಮ ಮನೆ ಬಾವಿಯಲ್ಲಿ ವಿಷ ಇರಬಹುದು, ಐವತ್ತು ಹೆಜ್ಜೆ ಆಚೆಯ ಪಕ್ಕದ ಮನೆ ಬಾವಿಯಲ್ಲಿ ಇಲ್ಲದಿರಬಹುದು. ನೋಡಿ ಹೇಳೋಕಾಗಲ್ಲ, ಕುಡಿದು ಹೇಳೋಕಾಗಲ್ಲ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತೆ.

ಎಷ್ಟಿದ್ದರೆ ಅಪಾಯ? ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈ ಲೆಕ್ಕ ತಲೆಗೆ ಹತ್ತಲ್ಲ, ಬೇರೆ ಥರ ಹೇಳ್ತೀನಿ. 10 ಸಾವಿರ ಲೀಟರಿನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ, ಅಂಥ 10 ಟ್ಯಾಂಕರಿಗೆ 1 ಗ್ರಾಂ. ಬಾಂಗ್ಲಾದೇಶ ತನಗೆ ಇಟ್ಟುಕೊಂಡ ಮಿತಿ 50 ಮೈಕ್ರೋಗ್ರಾಂ. ಅಂದ್ರೆ 10 ಟ್ಯಾಂಕರಿಗೆ ಒಂದು ಟೀ ಚಮಚದಷ್ಟು. ಅದಕ್ಕಿಂತ ಜಾಸ್ತಿ ಇದ್ದ ನೀರನ್ನ ಕೋಟ್ಯಂತರ ಜನ ದಿನಾ ಕುಡಿದರು, ಅದರಲ್ಲೇ ಅನ್ನ ಬೇಯಿಸಿದರು.

ಈ ವಿಷಕ್ಕೆ ಅವಸರ ಇಲ್ಲ. ಕಾಲರಾ ಆದರೆ ಸಂಜೆಯೊಳಗೆ ಗೊತ್ತಾಗುತ್ತೆ. ಇದು ಹಾಗಲ್ಲ. ಐದು ವರ್ಷ, ಹತ್ತು ವರ್ಷ ಕುಡಿದಮೇಲೆ ಎದೆ ಮೇಲೆ, ಬೆನ್ನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ. ಆಮೇಲೆ ಅಂಗೈ, ಅಂಗಾಲಿನಲ್ಲಿ ಆಣಿ ಥರದ ಗಂಟು. ನೇಗಿಲು ಹಿಡಿಯೋಕಾಗಲ್ಲ, ಬರಿಗಾಲಲ್ಲಿ ನಡೆಯೋಕಾಗಲ್ಲ. ಇನ್ನೂ ಮುಂದೆ ಹೋದರೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್. ಅದು ಬರೋಕೆ ಇಪ್ಪತ್ತು ಮೂವತ್ತು ವರ್ಷವೂ ಆಗಬಹುದು. ಅಷ್ಟರಲ್ಲಿ ನೀರಿನ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ?

ಇದೆಲ್ಲ ಜಗತ್ತಿಗೆ ಗೊತ್ತೇ ಇರಲಿಲ್ಲವಾ? ನನಗೆ ಹೊಟ್ಟೆ ಉರಿಯೋದು ಇಲ್ಲೇ. ಗೊತ್ತಿತ್ತು! ತೈವಾನ್ ದೇಶದ ನೈಋತ್ಯ ಕರಾವಳಿಯಲ್ಲಿ ಆಳದ ಬಾವಿ ನೀರು ಕುಡಿದವರ ಕಾಲು ಕಪ್ಪಾಗಿ ಕೊಳೆಯೋ ರೋಗ ಇತ್ತು. ಅಲ್ಲಿ 40 ಸಾವಿರಕ್ಕೂ ಹೆಚ್ಚು ಜನರನ್ನ ಪರೀಕ್ಷೆ ಮಾಡಿ, ನೀರಿನ ಆರ್ಸೆನಿಕ್‌ಗೂ ಚರ್ಮದ ಕ್ಯಾನ್ಸರ್‌ಗೂ ಇರೋ ನಂಟನ್ನ 1968ರಲ್ಲೇ ಪ್ರಕಟಿಸಿದ್ದರು. ದಕ್ಷಿಣ ಅಮೆರಿಕದ ಚಿಲಿ ದೇಶದ ಆಂಟೊಫಗಾಸ್ಟ ನಗರಕ್ಕೆ 1958ರಲ್ಲಿ ಹೊಸ ನದಿಯಿಂದ ನೀರು ತಂದರು. ಅದರಲ್ಲಿ ಆರ್ಸೆನಿಕ್ ಇತ್ತು. 1970ರಲ್ಲಿ ಶುದ್ಧೀಕರಣ ಘಟಕ ಹಾಕಿದರು. ನೀರು ಸರಿಹೋಯ್ತು. ಆದರೆ ಕ್ಯಾನ್ಸರ್ ಸಾವುಗಳು ತುತ್ತತುದಿ ಮುಟ್ಟಿದ್ದು 1990ರ ಆಸುಪಾಸಿನಲ್ಲಿ. ಕುಡಿದು ಬಿಟ್ಟು ಇಪ್ಪತ್ತು ವರ್ಷ ಆದಮೇಲೆ! ಅಂದ್ರೆ ವಿಜ್ಞಾನದ ಪುಸ್ತಕದಲ್ಲಿ ಎಲ್ಲ ಇತ್ತು. ಬಾವಿ ಕೊರೆಯೋರ ಕೈಯಲ್ಲಿ ಆ ಪುಸ್ತಕ ಇರಲಿಲ್ಲ.

ಸತ್ಯ ಮೊದಲು ಹೊರಬಿದ್ದಿದ್ದು ನಮ್ಮ ದೇಶದಲ್ಲಿ. 1983. ಕೋಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಚರ್ಮರೋಗ ತಜ್ಞರಾಗಿದ್ದ ಡಾ. ಕೆ.ಸಿ. ಸಾಹಾ ಅವರ ಮುಂದೆ ಪಶ್ಚಿಮ ಬಂಗಾಳದ ಹಳ್ಳಿಗಳ ರೋಗಿಗಳು ಬಂದು ನಿಂತರು. ಮೈ ಮೇಲೆ ಚುಕ್ಕೆ, ಅಂಗೈಯಲ್ಲಿ ಗಂಟು. ಬೇರೆ ವೈದ್ಯರಾದರೆ ಮುಲಾಮು ಬರೆದು ಕಳಿಸ್ತಿದ್ದರೇನೋ. ಸಾಹಾ ಅವರು ಕೇಳಿದರು: ಕುಡಿಯೋ ನೀರು ಎಲ್ಲಿಂದ ಬರುತ್ತೆ? ಬಾವಿ ಹುಡುಕಿದರು, ನೀರು ಪರೀಕ್ಷೆ ಆಯ್ತು, ಆರ್ಸೆನಿಕ್ ಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ಗಡಿಯಾಚೆಯ ಬಾಂಗ್ಲಾದೇಶದಿಂದ ಬಂದ ರೋಗಿಗಳೂ ಅವರ ಕಣ್ಣಿಗೆ ಬಿದ್ದರು. ನದಿ ಒಂದೇ, ಮಣ್ಣು ಒಂದೇ. ಗಡಿ ಅನ್ನೋದು ಮೇಲಷ್ಟೇ ಇದೆ, ನೆಲದಡಿ ಎಲ್ಲಿದೆ?

1988ರಿಂದ ಜಾದವ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ದೀಪಂಕರ್ ಚಕ್ರವರ್ತಿ ಈ ಕೆಲಸಕ್ಕೆ ಇಳಿದರು. ಹಳ್ಳಿ ಹಳ್ಳಿ ಸುತ್ತಿ ನೀರು, ಕೂದಲು, ಉಗುರಿನ ಸ್ಯಾಂಪಲ್ ತಂದು ಪರೀಕ್ಷೆ ಮಾಡಿದರು. 1995ರಲ್ಲಿ ಕೋಲ್ಕತ್ತಾದಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನವನ್ನೇ ಕರೆದರು. ಈ ಹೆಸರು ನೆನಪಿರಲಿ. ಕಥೆ ಕರ್ನಾಟಕಕ್ಕೆ ಬಂದಾಗ ಇವರು ಮತ್ತೆ ಸಿಗುತ್ತಾರೆ.

ಅತ್ತ ಬಾಂಗ್ಲಾದಲ್ಲಿ ಏನಾಯ್ತು? 1992ರಲ್ಲಿ ಬ್ರಿಟಿಷ್ ಭೂಗರ್ಭ ಸಮೀಕ್ಷಾ ಸಂಸ್ಥೆಯ ತಜ್ಞರು ಅಲ್ಲಿನ 150 ಕೊಳವೆ ಬಾವಿಗಳ ನೀರನ್ನ ಪರೀಕ್ಷೆ ಮಾಡಿದರು. ಒಂದೊಂದು ಸ್ಯಾಂಪಲ್ಲಿನಲ್ಲೂ ಹತ್ತಾರು ಧಾತುಗಳನ್ನ ಹುಡುಕಿದರು. ಆರ್ಸೆನಿಕ್ ಆ ಪಟ್ಟಿಯಲ್ಲಿ ಇರಲಿಲ್ಲ. ಮರುವರ್ಷ, 1993ರಲ್ಲಿ, ಅಲ್ಲಿನ ಸರ್ಕಾರಿ ಇಲಾಖೆಯೇ ಚಪಾಯ್ ನವಾಬ್‌ಗಂಜ್ ಜಿಲ್ಲೆಯ ಬಾವಿಗಳಲ್ಲಿ ಆರ್ಸೆನಿಕ್ ಪತ್ತೆ ಮಾಡಿತು. ಆದರೂ ದೇಶದ ಉದ್ದಗಲಕ್ಕೆ ಸಮೀಕ್ಷೆ ಆಗೋಕೆ ಮತ್ತೆ ಐದು ವರ್ಷ ಬೇಕಾಯ್ತು. ಆ ಐದು ವರ್ಷವೂ ಜನ ಅದೇ ನೀರು ಕುಡೀತಿದ್ದರು. ಹೊಸ ಬಾವಿಗಳೂ ಬೀಳ್ತಾ ಇದ್ದವು.

1998-99ರ ಸಮೀಕ್ಷೆ. 3534 ಬಾವಿ, 64ರಲ್ಲಿ 61 ಜಿಲ್ಲೆ. ಮೇಲ್ಪದರದ ಬಾವಿಗಳಲ್ಲಿ ಶೇಕಡ 27ರಷ್ಟು ಬಾಂಗ್ಲಾದ ಮಿತಿಯನ್ನ ದಾಟಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನ ದಾಟಿದ್ದು ಶೇಕಡ 46. ಜನರ ಲೆಕ್ಕದಲ್ಲಿ ಹೇಳಬೇಕಂದ್ರೆ ಸುಮಾರು 3.5 ಕೋಟಿ ಜನ 50 ಮೈಕ್ರೋಗ್ರಾಂ ಮೀರಿದ ನೀರು ಕುಡೀತಿದ್ದರು. 2000ದಲ್ಲಿ ಅಮೆರಿಕದ ವಿಜ್ಞಾನಿ ಅಲನ್ ಸ್ಮಿತ್ ಮತ್ತವರ ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲೇ ಬರೆದರು: ಇತಿಹಾಸದಲ್ಲೇ ಒಂದು ಜನಸಮೂಹಕ್ಕೆ ಆದ ಅತಿ ದೊಡ್ಡ ವಿಷಪ್ರಾಶನ ಇದು ಅಂತ. ಭೋಪಾಲಕ್ಕಿಂತ ದೊಡ್ಡದು, ಚೆರ್ನೋಬಿಲ್‌ಗಿಂತ ದೊಡ್ಡದು. ಭೋಪಾಲ್ ಒಂದು ರಾತ್ರಿ ಸಿಡಿಯಿತು, ಕ್ಯಾಮೆರಾಗಳು ಓಡಿದವು. ಇಲ್ಲಿ ಏನೂ ಸಿಡಿಯಲಿಲ್ಲ. ಪಂಪು ಹೊಡೆಯೋ ಸದ್ದಷ್ಟೇ. ಅದು ಬ್ರೇಕಿಂಗ್ ನ್ಯೂಸ್ ಆಗಲ್ಲ ಸ್ವಾಮಿ. ನಮ್ಮ ದಂಧೆಯ ಬಗ್ಗೆ ನಾನೇ ಹೇಳ್ತಿದೀನಿ.

ಆಮೇಲೆ ಶುರುವಾಯ್ತು ಬಣ್ಣ ಬಳಿಯೋ ಕೆಲಸ. ಸುಮಾರು 50 ಲಕ್ಷ ಬಾವಿಗಳನ್ನ ಸ್ಥಳದಲ್ಲೇ ಪರೀಕ್ಷೆ ಮಾಡಿದರು. ವಿಷ ಇದ್ದರೆ ಪಂಪಿನ ಮೂತಿಗೆ ಕೆಂಪು ಬಣ್ಣ, ಇಲ್ಲದಿದ್ದರೆ ಹಸಿರು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು. ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ನಿಮ್ಮ ಅಪ್ಪ ಸಾಲ ಮಾಡಿ ಹಾಕಿಸಿದ ಪಂಪು. ಇಪ್ಪತ್ತು ವರ್ಷ ಅದರ ನೀರು ಕುಡಿದಿದ್ದೀರಿ, ಮಕ್ಕಳಿಗೆ ಕುಡಿಸಿದ್ದೀರಿ. ಒಂದು ದಿನ ಯಾರೋ ಬಂದು ಕೆಂಪು ಬಳಿದು ಹೋಗ್ತಾರೆ. ನಾಳೆಯಿಂದ ನೀರಿಗೆ ಎಲ್ಲಿಗೆ ಹೋಗ್ತೀರಿ? ಹಸಿರು ಪಂಪು ಇರೋದು ಪಕ್ಕದ ಮನೆಯವರದ್ದು. ಅವರ ಜೊತೆ ಜಗಳ ಇದ್ದರೆ? ಕೆಲವರು ನಡೆದು ಹೋದರು. ಕೆಲವರು ಕೆಂಪು ಪಂಪಿನದೇ ಕುಡಿದರು. ಬಣ್ಣ ಮಳೆಗೆ, ಬಿಸಿಲಿಗೆ ಮಾಸಿ ಹೋಯ್ತು. ಹಲವು ಕಡೆ ಮತ್ತೆ ಯಾರೂ ಬಳಿಯಲು ಬರಲಿಲ್ಲ.

ಚುಕ್ಕೆ ಬಿದ್ದವರ ಪಾಡು ಇನ್ನೊಂದು ಕಥೆ. ಜನ ಅದನ್ನ ಕುಷ್ಠ ಅಂದುಕೊಂಡರು, ಅಂಟುರೋಗ ಅಂದುಕೊಂಡರು, ಶಾಪ ಅಂದುಕೊಂಡರು. ಹುಡುಗಿಯರಿಗೆ ಮದುವೆ ಆಗಲಿಲ್ಲ. ಮದುವೆಯಾದ ಹೆಣ್ಣುಮಕ್ಕಳನ್ನ ತವರಿಗೆ ಅಟ್ಟಿದರು. ನೀರು ಹೊತ್ತವರೂ ಅವರೇ, ಬೈಗುಳ ಹೊತ್ತವರೂ ಅವರೇ.

ಇದಕ್ಕೆ ಹೊಣೆ ಯಾರು? ಬಾಂಗ್ಲಾದ ಹಳ್ಳಿಗರೊಬ್ಬರು ಈ ಪ್ರಶ್ನೆಯನ್ನ ಲಂಡನ್ ಕೋರ್ಟಿಗೇ ತಗೊಂಡು ಹೋದರು. 1992ರಲ್ಲಿ ನೀವು ನೀರು ಪರೀಕ್ಷೆ ಮಾಡಿದಿರಿ, ಆರ್ಸೆನಿಕ್ ಯಾಕೆ ನೋಡಲಿಲ್ಲ ಅಂತ ಕೇಳಿದರು. ಕೇಸು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯ್ತು. 2006ರಲ್ಲಿ ತೀರ್ಪು ಬಂತು, ಕೇಸು ಬಿದ್ದು ಹೋಯ್ತು. ಬಾಂಗ್ಲಾದ ಜನರಿಗೆ ಸುರಕ್ಷಿತ ನೀರು ಕೊಡೋ ಹೊಣೆಯಾಗಲಿ, ಅಧಿಕಾರವಾಗಲಿ ಆ ಸಂಸ್ಥೆಗೆ ಇರಲಿಲ್ಲ, ಹಾಗಾಗಿ ಹೊಣೆಗಾರಿಕೆ ಬರಲ್ಲ ಅಂತ. ಕಾನೂನಿನ ಲೆಕ್ಕದಲ್ಲಿ ಸರಿಯೇ ಇರಬಹುದು. ನಾನು ಆ ತೀರ್ಪಿನ ಬಗ್ಗೆ ಓದಿದಾಗ ಕೋಪ ಮಾಡಿಕೊಳ್ಳಲು ಹೊರಟೆ. ಆಮೇಲೆ ನನ್ನದೇ ಬೊಗಸೆ ನೆನಪಾಯ್ತು. ನನಗೂ ಹೊಣೆ ಇರಲಿಲ್ಲ. ನಾನು ಬರೀ ವರದಿಗಾರ. ಗುತ್ತಿಗೆದಾರನಿಗೂ ಇರಲಿಲ್ಲ, ಅವನು ಬರೀ ಕೊರೆಯೋನು. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದೆವು. ಆ ಪ್ರಶ್ನೆ ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಮುಗೀತಾ? ಮುಗಿದಿಲ್ಲ. ಢಾಕಾ ಹತ್ತಿರದ ಆರೈಹಜಾರ್‌ನಲ್ಲಿ ಸುಮಾರು 12 ಸಾವಿರ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಸತ್ತವರಲ್ಲಿ ಐದರಲ್ಲಿ ಒಂದು ಸಾವಿಗೆ ನೀರಿನ ಆರ್ಸೆನಿಕ್ ಕಾರಣ ಅಂತ ಅದರ ಅಂದಾಜು. 2016ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೇಳಿತು: ಇನ್ನೂ 2 ಕೋಟಿ ಜನ ಅದೇ ನೀರು ಕುಡೀತಿದಾರೆ. ಸರ್ಕಾರ ಕೊರೆಸೋ ಆಳದ ಸುರಕ್ಷಿತ ಬಾವಿಗಳು ಬೇಕಾದವರಿಗೆ ಸಿಗದೆ, ರಾಜಕಾರಣಿಗಳ ಬೆಂಬಲಿಗರ ಅಂಗಳ ಸೇರ್ತಿವೆ. ಕೇಳಿದ ಹಾಗಿದೆ ಅಲ್ವಾ?

ಒಳ್ಳೆಯದೂ ಒಂದು ಇದೆ. ಬಾಂಗ್ಲಾದ ಕುಷ್ಟಿಯಾದಿಂದ ಹೋಗಿ ಅಮೆರಿಕದಲ್ಲಿ ಪ್ರಾಧ್ಯಾಪಕರಾದ ರಸಾಯನಶಾಸ್ತ್ರಜ್ಞ ಅಬುಲ್ ಹುಸಾಮ್ ತಮ್ಮ ಊರಿನವರಿಗಾಗಿ ಒಂದು ಫಿಲ್ಟರ್ ಮಾಡಿದರು. ಎರಡು ಬಕೆಟ್ಟು, ಮರಳು, ಇದ್ದಿಲು, ಇಟ್ಟಿಗೆ ಚೂರು, ಕಬ್ಬಿಣದ ಚೂರು. ನೆಲದಡಿ ಕಬ್ಬಿಣದ ತುಕ್ಕು ಬಿಟ್ಟ ಆರ್ಸೆನಿಕ್‌ನ್ನ ಬಕೆಟ್ಟಿನಲ್ಲಿ ಕಬ್ಬಿಣದ ತುಕ್ಕೇ ಮತ್ತೆ ಹಿಡಿದುಕೊಳ್ಳುತ್ತೆ! ಕರೆಂಟು ಬೇಡ. 2007ರಲ್ಲಿ ಅವರಿಗೆ 10 ಲಕ್ಷ ಡಾಲರಿನ ಗ್ರೇಂಜರ್ ಪ್ರಶಸ್ತಿ ಬಂತು.

ಈಗ ನಮ್ಮ ಕಡೆ ಬನ್ನಿ. ಬಾಂಗ್ಲಾ ದೂರ ಅನ್ನಬೇಡಿ. ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು, ಕಿರದಳ್ಳಿ ತಾಂಡಾ. ಹತ್ತಿರದಲ್ಲೇ ಮಂಗಳೂರು ಚಿನ್ನದ ಗಣಿ ಇತ್ತು. ಕರಾವಳಿಯ ಮಂಗಳೂರಲ್ಲ, ಅದೇ ಸೀಮೆಯ ಮಂಗಳೂರು. ಚಿನ್ನ ಇರೋ ಬಂಡೆಯಲ್ಲಿ ಆರ್ಸೆನಿಕ್ ಜೊತೆಗಾರನ ಥರ ಇರುತ್ತೆ. ಆ ಭಾಗದ ಜನರ ಅಂಗೈಯಲ್ಲೂ ಅದೇ ಗಂಟು, ಮೈ ಮೇಲೆ ಅದೇ ಚುಕ್ಕೆ. ಅಧ್ಯಯನಕ್ಕೆ ಬಂದವರು ಯಾರು ಗೊತ್ತಾ? ಅದೇ ದೀಪಂಕರ್ ಚಕ್ರವರ್ತಿ. ಅವರ ತಂಡದ ವರದಿ 2013ರಲ್ಲಿ ಪ್ರಕಟ ಆಯ್ತು. 59 ಕೊಳವೆ ಬಾವಿಗಳ ನೀರು ನೋಡಿದರು, ಶೇಕಡ 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಿತ್ತು. ಅತಿ ಹೆಚ್ಚು ಸಿಕ್ಕಿದ್ದು 303. ಪರೀಕ್ಷೆ ಮಾಡಿದ 181 ಜನರಲ್ಲಿ ಶೇಕಡ 58.6ರಷ್ಟು ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್ ಗುರುತಿತ್ತು. ಬಂಗಾಳದ ಕಥೆ ನಮ್ಮ ಲಂಬಾಣಿ ತಾಂಡಾಕ್ಕೆ ಬಂದು ನಿಂತಿತ್ತು, ನಮ್ಮಲ್ಲಿ ಬಹಳ ಜನಕ್ಕೆ ಹೆಸರೂ ಗೊತ್ತಾಗಲಿಲ್ಲ.

ಇನ್ನು ಫ್ಲೋರೈಡು. ಪಾವಗಡ, ಬಾಗೇಪಲ್ಲಿ, ಕೋಲಾರ, ಮುಂಡರಗಿ, ಈ ಹೆಸರುಗಳನ್ನ ನೀವು ಕೇಳೇ ಇರ್ತೀರಿ. ಭಾರತದಲ್ಲಿ ಫ್ಲೋರೈಡಿನ ರೋಗ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ. ನಮ್ಮಲ್ಲಿ ರಿಗ್ ಲಾರಿಗಳು ಬರೋಕೆ ದಶಕಗಳ ಮುಂಚೆ! ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಡ್ ಇರುತ್ತೆ, ಬಂಡೆ ಜೊತೆ ಹೆಚ್ಚು ಕಾಲ ಕೂತ ನೀರು ಅದನ್ನ ಹೀರಿಕೊಳ್ಳುತ್ತೆ. ಕೆರೆ ಹೂಳು ತುಂಬಿ ಸತ್ತವು, ನಾವು ಆಳಕ್ಕೆ ಹೋದೆವು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಅಪಾಯ ಅನ್ನೋದು ಪುಸ್ತಕದಲ್ಲಿ ಇದ್ದೇ ಇತ್ತು. ಇಲ್ಲೂ ಅದೇ ಕಥೆ. ಗೊತ್ತಿತ್ತು, ಕೇಳಲಿಲ್ಲ.

ಹಾಗಂತ ಬೋರ್‌ವೆಲ್ ಹಾಕಿಸಿದ್ದೇ ತಪ್ಪಾ? ಹಾಗನ್ನೋಕೆ ನನಗೆ ಬಾಯಿ ಬರಲ್ಲ. ಬಿಂದಿಗೆ ಹೊತ್ತು ಮೈಲುಗಟ್ಟಲೆ ನಡೆದ ಹೆಂಗಸಿನ ಮುಂದೆ ನಿಂತು ಹಾಗನ್ನೋ ಹಕ್ಕು ನಲ್ಲಿ ನೀರು ಕುಡಿಯೋ ನನಗಿಲ್ಲ. ಕಾಲರಾದಿಂದ ಉಳಿದ ಬಾಂಗ್ಲಾದ ಮಕ್ಕಳ ಲೆಕ್ಕವೂ ಸುಳ್ಳಲ್ಲ. ತಪ್ಪು ಬಾವಿ ಕೊರೆದಿದ್ದರಲ್ಲಿ ಇರಲಿಲ್ಲ. ಕೊರೆದ ದಿನವೇ ಒಂದು ಬಾಟಲಿ ನೀರು ತುಂಬಿ ಪರೀಕ್ಷೆಗೆ ಕಳಿಸದೆ ಇದ್ದಿದ್ದರಲ್ಲಿತ್ತು.

ಹಾಗಾಗಿ ಎರಡು ಮಾತು ಹೇಳಿ ಮುಗಿಸ್ತೀನಿ. ಒಂದು, ಕುದಿಸಿದರೆ ಎಲ್ಲ ಹೋಗುತ್ತೆ ಅನ್ನೋ ಭ್ರಮೆ ಬಿಡಿ. ಕುದಿಸಿದರೆ ಸಾಯೋದು ರೋಗಾಣು. ಆರ್ಸೆನಿಕ್, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದ ಹಾಗೆ ಅವು ಇನ್ನಷ್ಟು ಗಟ್ಟಿಯಾಗ್ತವೆ. ಎರಡು, ಕೇಳಿ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸೋ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಊರಿನಲ್ಲಿ ಆ ಐವರು ಯಾರು? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕಳೆದ ಸಲ ನೀರು ಪರೀಕ್ಷೆ ಆಗಿದ್ದು ಯಾವಾಗ, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಎಷ್ಟಿತ್ತು, ಕಾಗದ ತೋರಿಸಿ ಅನ್ನಿ. ನಾಣ್ಯ ಹಾಕಿದರೆ ಕ್ಯಾನ್ ತುಂಬೋ ಶುದ್ಧ ನೀರಿನ ಘಟಕ ಇದ್ದರೆ, ಅದರ ಫಿಲ್ಟರ್ ಬದಲಾಯಿಸಿದ್ದು ಯಾವಾಗ ಅಂತ ಕೇಳಿ. ಬೈಸಿಕೊಂಡರೂ ಪರವಾಗಿಲ್ಲ, ಕೇಳಿ.

ಮೇಷ್ಟ್ರ ಫೋನ್ ಬಂದಮೇಲೆ ನಾನು ಆ ಊರಿಗೆ ಹೋಗಿದ್ದೆ. ಬೋರ್‌ವೆಲ್ ಬತ್ತಿ ಹೋಗಿತ್ತು. ಅವತ್ತು ನೀರಿನಡಿ ಕುಣಿದಿದ್ದ ಹುಡುಗರಲ್ಲಿ ಒಬ್ಬ ಸಿಕ್ಕಿದ. ಈಗ ಆಟೋ ಓಡಿಸ್ತಾನೆ. ಗುರುತು ಹಿಡಿದು, "ನೀವೇ ಅಲ್ವಾ ಸಾರ್ ಅವತ್ತು ಟಿವಿಯೋರು" ಅಂತ ಖುಷಿಯಿಂದ ಮಾತಾಡಿಸಿದ. ಮಾತಾಡುವಷ್ಟು ಹೊತ್ತೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಇದ್ದ. ವಾಪಸ್ ಬಂದು ಲೈಬ್ರರಿಯಿಂದ ಆ ಹಳೇ ಟೇಪು ತೆಗೆಸಿ ನೋಡಿದೆ. ನೀರು ಚಿಮ್ಮುತ್ತಿದೆ, ಮಕ್ಕಳು ಬಾಯ್ತುಂಬಾ ನಗ್ತಿದಾರೆ, ನಾನು ಬೊಗಸೆಯಲ್ಲಿ ಕುಡೀತಿದೀನಿ. ಅದರಲ್ಲಿ ನಾನು ಹತ್ತಾರು ಮಾತು ಆಡಿದ್ದೇನೆ. ನೀರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ.

ಮುಂದಿನ ವಾರ ಸಿಗೋಣ. ಅಷ್ಟರೊಳಗೆ ನಿಮ್ಮ ಮನೆಗೆ ಬರೋ ನೀರು ಎಲ್ಲಿಂದ ಬರುತ್ತೆ ಅಂತ ಒಮ್ಮೆ ತಿಳ್ಕೊಳ್ಳಿ.